ಹಸಿರು ಹಾವಿನ ಬೇಟೆ ನೋಡಬೇಕೆಂದರೆ

ಹಸಿರು ಹಾವನ್ನು ಹಗಲಲ್ಲಿ ಹುಡುಕುವುದಕ್ಕಿಂತ ಹಿಂದಿನ ರಾತ್ರಿಯೇ ಗುರುತಿಟ್ಟುಕೊಳ್ಳುವುದು ಸುಲಭ. ಗೋವಾದ ಫೋಂಡಾ, ಮೊಲೆಮ್ ಕಡೆಯ ಬೇಲಿ, ಗೇರುತೋಟಗಳಲ್ಲಿ ರಾತ್ರಿ 8ರ ಮೇಲೆ ಟಾರ್ಚ್ ಹಿಡಿದು ನೋಡುತ್ತೇನೆ. ಇದು ಹಗಲು ಓಡಾಡುವ ಹಾವು. ಕತ್ತಲಾದ ಮೇಲೆ ತೆಳ್ಳನೆಯ ಕೊಂಬೆಯ ತುದಿಯಲ್ಲಿ ಮೈ ಮಡಚಿ ಮಲಗುತ್ತದೆ. ಬೆಳಕು ಬಿದ್ದರೆ ಎಲೆಗಿಂತ ಬಿಳಿಚಿಕೊಂಡು ಕಾಣುತ್ತದೆ. ಕೊಂಬೆ ಅಲುಗಿಸದೆ ಗಿಡ ಗುರುತಿಟ್ಟುಕೊಂಡು ಬಂದು, ಬೆಳಗ್ಗೆ ಬೇಗ ಹೋಗಿ 3 ಮೀಟರ್ ದೂರ ಕೂರುತ್ತೇನೆ.

ಇಲ್ಲಿನ ಮರಾಠಿಗರು ಇದನ್ನು ಹರಣಟೋಳ ಅನ್ನುತ್ತಾರೆ. ಇದೇ ಕಾಡುಗಳಲ್ಲಿ ಹಸಿರು ಗುಳಿಮಂಡಲವೂ ಇದೆ, ಅದರ ವಿಷ ಅಪಾಯಕಾರಿ. ಹಾಗಾಗಿ ಮೊದಲು ತಲೆ ನೋಡಬೇಕು. ಮಂಡಲದ್ದು ಅಗಲ ತ್ರಿಕೋನ ತಲೆ, ದಪ್ಪ ಮೈ, ನಿಂತ ಗೆರೆಯಂಥ ಕಣ್ಣುಪಾಪೆ. ಹಸಿರು ಹಾವಿನದು ಚೂಪು ಮೂತಿ, ಹಗ್ಗದಷ್ಟು ತೆಳು ಮೈ, ಅಡ್ಡ ಮಲಗಿದ ಪಾಪೆ. ಕಣ್ಣಿನಿಂದ ಮೂತಿಯವರೆಗೆ ಒಂದು ತೋಡು ಇರುತ್ತದೆ. ಅದರಿಂದಾಗಿ ಎರಡೂ ಕಣ್ಣು ಮುಂದಕ್ಕೆ ನೋಡಬಲ್ಲವು, ದೂರದ ಅಂದಾಜು ಸಿಗುತ್ತದೆ.

ಮುಖ್ಯ ಆಹಾರ ಓತಿಕ್ಯಾತ, ಹಾವುರಾಣಿ, ಕಪ್ಪೆ. ಸಿಕ್ಕರೆ ಸಣ್ಣ ಹಕ್ಕಿ. ಓತಿಕ್ಯಾತ ಅಲ್ಲಾಡದೆ ಕೂತರೆ ಹಾವೂ ಕಾಯುತ್ತದೆ. ಗಾಳಿ ಬೀಸಿದಾಗ ಬಳ್ಳಿಯಂತೆ ತೂಗುತ್ತ ಒಂದೊಂದೇ ಗೇಣು ಹತ್ತಿರವಾಗುತ್ತದೆ. ನಾಲಿಗೆಯನ್ನು ಹೊರಚಾಚಿ ಹಾಗೇ ಹಿಡಿದಿರುತ್ತದೆ. ಎರಗುವುದು ಕುತ್ತಿಗೆಗೆ. ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿರುವುದರಿಂದ ಕಚ್ಚಿ ಬಿಟ್ಟರೆ ಪ್ರಯೋಜನವಿಲ್ಲ, ಹಿಡಿದಿಟ್ಟು ಅಗಿಯಬೇಕು. ಅದಕ್ಕೇ ಓತಿಕ್ಯಾತವನ್ನು ಕೊಂಬೆಯಿಂದ ಎತ್ತಿ ಗಾಳಿಯಲ್ಲಿ ತೂಗಾಡಿಸುತ್ತದೆ, ಉಗುರಿಗೆ ಹಿಡಿತ ಸಿಗಬಾರದು. ಅದರ ಕಾಲು ಜೋತುಬಿದ್ದ ಮೇಲೆ ತಲೆ ಕಡೆಯಿಂದ ನುಂಗುತ್ತದೆ. ಈ ಹೊತ್ತಿನಲ್ಲಿ ಫ್ಲ್ಯಾಶ್ ಹೊಡೆದರೆ, ಹತ್ತಿರ ಹೋದರೆ ಬೇಟೆ ಉಗುಳಿ ಹೋಗುತ್ತದೆ. ಅದರ ಊಟ ಕಳೆದ ಪಾಪ ನಮ್ಮದು.

ಮೈ ಉಬ್ಬಿಸಿ ಹುರುಪೆಗಳ ನಡುವಿನ ಕಪ್ಪು-ಬಿಳಿ ಪಟ್ಟೆ ತೋರಿಸಿದರೆ ಹಿಂದೆ ಸರಿಯಿರಿ. ಕಣ್ಣು ಕುಕ್ಕುತ್ತದೆ ಎಂಬ ಮಾತು ಹುಟ್ಟಿದ್ದು ಅದು ನಮ್ಮ ಮುಖದ ಎತ್ತರದಲ್ಲೇ ಕೂತು ಬಾಯ್ದೆರೆದು ಎರಗುವುದರಿಂದ ಇರಬೇಕು. ಕಚ್ಚಿದರೆ ಸಾಮಾನ್ಯವಾಗಿ ನೋವು, ಊತ ಅಷ್ಟೇ, ಸೋಪಿನಿಂದ ತೊಳೆಯಿರಿ. ಯಾವ ಹಾವೆಂದು ಖಾತ್ರಿಯಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಯೋಚನೆ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಅಲ್ಲದೆ ಗಾಜಿಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ, ಅಲ್ಲಾಡದ ಆಹಾರವನ್ನು ಮೂಸಿಯೂ ನೋಡುವುದಿಲ್ಲ.