ಹಾಡುವವರ ಶ್ರುತಿಗೆ ಗಿಟಾರ್ ಸೇರಿಸುವುದು ಹೇಗೆ?

ಹಾಡುವವರು 'ನನ್ನದು ಕಪ್ಪು ಎರಡು' ಅಂದ ತಕ್ಷಣ ಹೊಸದಾಗಿ ಗಿಟಾರ್ ಕಲಿತವರಿಗೆ ಕೈ ಓಡುವುದಿಲ್ಲ. ಹಾರ್ಮೋನಿಯಂನ ಕಪ್ಪು 2 ಅಂದರೆ ಡಿ ಶಾರ್ಪ್. ಅಲ್ಲಿ ಸುಲಭದ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಸಿಗುವುದಿಲ್ಲ. 'ಸ್ವಲ್ಪ ಕೆಳಗೆ ಹಾಡ್ತೀರಾ?' ಅಂತ ಕೇಳಿಬಿಡುತ್ತೇವೆ. ಹಾಗೆ ಕೇಳಬಾರದು. ಗಂಟಲು ಎಲ್ಲಿದೆಯೋ ಅಲ್ಲಿಗೆ ಗಿಟಾರೇ ಹೋಗಬೇಕು.

ಅದಕ್ಕೆ ಮೊದಲ ದಾರಿ ಕ್ಯಾಪೊ. ಇದು ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು. ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡ ಕಂಬಿಗಳಿಂದಾದ ಮನೆ) ಮುಂದೆ ಹಾಕಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ಅಷ್ಟೇ ಲೆಕ್ಕ. ಡಿ ಕಾರ್ಡ್ ಹಿಡಿದರೆ ಬಿಳಿ 2. ಮೊದಲನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಅದನ್ನೇ ಹಿಡಿಯಿರಿ, ಕಪ್ಪು 2 ಆಯಿತು. ಮೂರನೇ ಫ್ರೆಟ್‌ಗೆ ಹಾಕಿ ಸಿ ಕಾರ್ಡ್ ಹಿಡಿದರೂ ಅದೇ ಶ್ರುತಿ. ಎರಡನ್ನೂ ನುಡಿಸಿ ನೋಡಿ, ಹಾಡಿಗೆ ಯಾವುದು ಒಪ್ಪುತ್ತದೋ ಅದನ್ನು ಇಟ್ಟುಕೊಳ್ಳಿ. ಕಪ್ಪು 4ಕ್ಕಾದರೆ ಮೊದಲನೇ ಫ್ರೆಟ್‌ನಲ್ಲಿ ಕ್ಯಾಪೊ, ಜಿ ಕಾರ್ಡ್. ಏಳನೇ ಫ್ರೆಟ್ ದಾಟಿದರೆ ನಾದ ತೆಳುವಾಗುತ್ತದೆ, ಬೆರಳಿಗೂ ಜಾಗ ಸಾಲದು.

ಕ್ಯಾಪೊ ಹಾಕುವ ಜಾಗ ಮುಖ್ಯ. ಫ್ರೆಟ್ ಕಂಬಿಯ ಮೇಲೆ ಕೂರಿಸಿದರೆ ದನಿ ಸಾಯುತ್ತದೆ. ಎರಡು ಕಂಬಿಗಳ ನಟ್ಟನಡುವೆ ಹಾಕಿದರೆ ತಂತಿ ಬಾಗಿ ಶ್ರುತಿ ಏರುತ್ತದೆ, ಇಲ್ಲವೇ ಗುಂಯ್‌ಗುಡುತ್ತದೆ. ಕಂಬಿಗೆ ಅಂಟಿದಂತೆ, ಅದರ ಹಿಂಬದಿಗೆ (ಗಿಟಾರಿನ ತಲೆಯ ಕಡೆಗೆ), ನೇರವಾಗಿ ಹಾಕಿ. ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ ಕೇಳಿ. ಕ್ಯಾಪೊ ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಲೇಬೇಕು. ನೈಲಾನ್ ತಂತಿಯ ಗಿಟಾರ್‌ಗೆ ಚಪ್ಪಟೆ ಕ್ಯಾಪೊ ಬೇರೆಯೇ ಸಿಗುತ್ತದೆ, ಅದನ್ನೇ ಕೊಳ್ಳಿ.

ಎರಡನೇ ದಾರಿ ತಂತಿಗಳ ಶ್ರುತಿಯನ್ನೇ ಬದಲಾಯಿಸುವುದು. ನನಗೆ ತುಂಬಾ ಇಷ್ಟವಾದದ್ದು, ದಪ್ಪನೆಯ ಆರನೇ ತಂತಿಯಿಂದ ತೆಳುವಾದ ಮೊದಲನೆಯದರವರೆಗೆ, ಡಿ ಎ ಡಿ ಜಿ ಎ ಡಿ. 1960ರ ದಶಕದಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ ಇದನ್ನು ಬಳಕೆಗೆ ತಂದರು. ಮೊರಾಕೊದಲ್ಲಿ ಔದ್ (ಅರಬ್ಬರ ತಂತಿವಾದ್ಯ) ವಾದಕರ ಜೊತೆ ನುಡಿಸಲು ಅವರಿಗೆ ಇದು ಬೇಕಾಗಿತ್ತು. ನಮ್ಮ ಲೆಕ್ಕದಲ್ಲಿ ಇದು ಸ ಪ ಸ ಮ ಪ ಸ. ಗಾಂಧಾರವೇ ಇಲ್ಲ! ಹಾಗಾಗಿ ಮೇಜರ್ (ಅಂತರ ಗಾಂಧಾರದ್ದು), ಮೈನರ್ (ಸಾಧಾರಣ ಗಾಂಧಾರದ್ದು) ಎರಡಕ್ಕೂ ಹೊಂದುತ್ತದೆ.

ಎಂದಿನ ಶ್ರುತಿಯಿಂದ (ಇ ಎ ಡಿ ಜಿ ಬಿ ಇ) ಮೂರೇ ತಂತಿ ಇಳಿಸಬೇಕು:

1. ಆರನೇ ತಂತಿಯನ್ನು ಇ ಇಂದ ಡಿಗೆ ಇಳಿಸಿ. ನಾಲ್ಕನೇ ತಂತಿಯ ಜೊತೆ ಮೀಟಿ, ಕೆಳಗಿನ ಷಡ್ಜವಾಗಿ ಸೇರಬೇಕು.
2. ಮೂರನೇ ತಂತಿಯ ಎರಡನೇ ಫ್ರೆಟ್ ಒತ್ತಿ. ಆ ಸ್ವರಕ್ಕೆ ಎರಡನೇ ತಂತಿಯನ್ನು ಇಳಿಸಿ.
3. ಈಗ ಎರಡನೇ ತಂತಿಯ ಐದನೇ ಫ್ರೆಟ್ ಒತ್ತಿ, ಮೊದಲನೇ ತಂತಿಯನ್ನು ಅದಕ್ಕೆ ಸೇರಿಸಿ.

ಈಗ ಮೂರನೇ ತಂತಿಯ ಎರಡನೇ ಫ್ರೆಟ್ ಮಾತ್ರ ಒತ್ತಿ ಎಲ್ಲವನ್ನೂ ಮೀಟಿ. ಮಧ್ಯಮ ಹೋಗಿ ಬರೀ ಸ, ಪ ಉಳಿಯುತ್ತದೆ. ತಂಬೂರಿಯ ಆಧಾರ ಬೇರೆ ಬೇಡ ಅನಿಸುತ್ತದೆ, ಅಲ್ವಾ? ನಾಲ್ಕನೇ ತಂತಿಯ 2, 4, 5, 7ನೇ ಫ್ರೆಟ್‌ಗಳಲ್ಲಿ ಶಂಕರಾಭರಣದ ರಿ ಗ ಮ ಪ ಸಿಗುತ್ತದೆ. ಉಳಿದ ತಂತಿಗಳನ್ನು ಹಾಗೇ ನುಡಿಯಲು ಬಿಡಿ.

ಕಲ್ಯಾಣಿಯದು ಪ್ರತಿ ಮಧ್ಯಮ, ಅದಕ್ಕೆ ಆ ಶುದ್ಧ ಮಧ್ಯಮದ ತಂತಿ ಅಡ್ಡ ಬರುತ್ತದೆ. ಮೂರನೇ ತಂತಿಯನ್ನು ಅರ್ಧ ಸ್ವರ ಇಳಿಸಿಬಿಡಿ, ಅಂತರ ಗಾಂಧಾರ ಬಂತು. ಏನನ್ನೂ ಒತ್ತದೆ ಮೀಟಿದರೇ ಡಿ ಕಾರ್ಡ್ ಬರುವ ಇದನ್ನೇ ಓಪನ್ ಡಿ ಎನ್ನುತ್ತಾರೆ. ಹಿಂದೋಳಕ್ಕೆ ಮಾತ್ರ ಎರಡೂ ಬೇಡ. ಅದರಲ್ಲಿ ಪಂಚಮವಿಲ್ಲ, ಇಲ್ಲಿ ಎರಡು ತಂತಿ ಪಂಚಮದವೇ.

ಇನ್ನು ಕ್ಯಾಪೊ, ಶ್ರುತಿ ಬದಲಾವಣೆ ಎರಡನ್ನೂ ಕೂಡಿಸಬಹುದು. ಓಪನ್ ಇ ಬೇಕಾದಾಗ ತಂತಿಗಳನ್ನು ಬಿಗಿ ಮಾಡುವವರಿದ್ದಾರೆ. ತಂತಿ ಹರಿಯುವ ಭಯ ಯಾಕೆ? ಓಪನ್ ಡಿ ಮಾಡಿಕೊಂಡು ಎರಡನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ಸ್ವರಗಳು ಅವೇ ಬರುತ್ತವೆ. ಸಡಿಲ ತಂತಿ ಕ್ಯಾಪೊದ ಒತ್ತಡಕ್ಕೆ ಬೇಗ ಶ್ರುತಿ ಏರುತ್ತದೆ. ತಿರುಪು ಇರುವ ಕ್ಯಾಪೊ ಆದರೆ ತಂತಿ ಸ್ವಚ್ಛವಾಗಿ ನುಡಿಯುವಷ್ಟೇ ಬಿಗಿ ಮಾಡಿ, ಅದಕ್ಕಿಂತ ಜಾಸ್ತಿ ಬೇಡ.