ಸ್ಟೀವ್ ಆಸ್ಟಿನ್ ಬಲಗೈಗೆ ಹೊಸ ಚರ್ಮ: ನನ್ನ ಅನುಭವ

ಹಳೆಯ ಗೊಂಬೆಯೊಂದರ ಬಲಗೈಗೆ ಸಿಲಿಕೋನ್ ರಬ್ಬರಿನ ಹೊಸ ಚರ್ಮ ಮಾಡಿ ಹಾಕುತ್ತೇನೆ ಎಂದಾಗ "ಇದು ಆಗಲ್ಲ, ಬಿಡಿ" ಎಂದವರೇ ಜಾಸ್ತಿ. ಈಗ ಗೊಂಬೆ ಗಾಜಿನ ಪೆಟ್ಟಿಗೆಯಲ್ಲಿ ತೋಳು ತೋರಿಸಿಕೊಂಡು ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಶನಿವಾರ ಒಂದು ಚಿಕ್ಕ ಮ್ಯೂಸಿಯಂನ ಆಟಿಕೆ ವಿಭಾಗದಲ್ಲಿ ಕೆಲಸ ಮಾಡಿಕೊಡುತ್ತೇನೆ. ಅಲ್ಲಿ ಕೆನ್ನರ್ ಕಂಪನಿ 1975ರಲ್ಲಿ ತಂದ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್ ಗೊಂಬೆ ಇದೆ. ಅದೇ ಹೆಸರಿನ ಟಿವಿ ಧಾರಾವಾಹಿಯ ನಾಯಕ, ಯಂತ್ರದ ಕೈಕಾಲು ಜೋಡಿಸಿಕೊಂಡ ಸ್ಟೀವ್ ಆಸ್ಟಿನ್ ಇವನೇ. 13 ಇಂಚು, ಕೆಂಪು ಟ್ರ್ಯಾಕ್‌ಸೂಟ್. ಕೆನ್ನರ್ ಇದೇ ರಾಜ್ಯದ ಸಿನ್ಸಿನಾಟಿಯ ಕಂಪನಿಯಾಗಿತ್ತು, ಹಾಗಾಗಿ ಇಲ್ಲಿನವರಿಗೆ ಅದು ಮನೆಯ ವಸ್ತು ಇದ್ದ ಹಾಗೆ. ತಲೆಯ ಹಿಂದಿನಿಂದ ಇಣುಕಿದರೆ ಎಡಗಣ್ಣಿನ ಲೆನ್ಸ್‌ನಲ್ಲಿ ಆಚೆ ಕಾಣುತ್ತದೆ. ಬಲಗೈ ಚರ್ಮವನ್ನು ಅಂಗಿ ತೋಳಿನ ಹಾಗೆ ಮೇಲಕ್ಕೆ ಸುತ್ತಿದರೆ ಒಳಗೆ ಯಂತ್ರದ ಭಾಗಗಳ ಹಾಗೆ ಕಾಣುವ, ಕಳಚಬಹುದಾದ ಬಯೋನಿಕ್ ಮಾಡ್ಯೂಲ್‌ಗಳು. ಗೊಂಬೆಯ ಜೀವವೇ ಆ ಚರ್ಮ. ನಮ್ಮದರಲ್ಲಿ ಅದು ಅಂಟಂಟಾಗಿ, ಮೊಣಕೈ ಹತ್ತಿರ ಸೀಳಿ, ಮಾಡ್ಯೂಲ್‌ಗೆ ಕಚ್ಚಿಕೊಂಡಿತ್ತು.

ಹೊಸ ಚರ್ಮ ಹಾಕಿದರೆ ವಸ್ತು ನಕಲಿ ಆಗುತ್ತದೆ ಎಂದರು. ನಾನು ಹೇಳಿದ್ದು ಇಷ್ಟೇ: ಹಳೆಯದನ್ನು ಬಿಸಾಡಲ್ಲ, ಹೊಸದನ್ನು ಅಂಟಿಸಲ್ಲ, ಯಾವಾಗ ಬೇಕಾದರೂ ಕಳಚಬಹುದು, ಎಲ್ಲವನ್ನೂ ದಾಖಲೆಯಲ್ಲಿ ಬರೆದಿಡುತ್ತೇವೆ. ಬಂದ ಮಕ್ಕಳಿಗೆ ಆ ತೋಳೇ ಕಾಣದಿದ್ದರೆ ಗೊಂಬೆ ಇಟ್ಟು ಏನು ಬಂತು, ಅಲ್ವಾ?

ಹಳೆಯ ಚರ್ಮ ಬಿಡಿಸಲು ಮೂರು ಸಂಜೆ ಹಿಡಿಯಿತು. ಟೆಫ್ಲಾನ್ ಹಾಳೆಯ ಪಟ್ಟಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಗೆ ಸರಿಸಿದೆ. ಬೇರೇನೂ ಹಾಕಲಿಲ್ಲ.

ಅಸಲಿ ಕೈ ಮೇಲೆ ಅಚ್ಚು ತೆಗೆಯುವ ಮಾತೇ ಇಲ್ಲ. ಸಿಲಿಕೋನ್‌ನಲ್ಲಿರುವ ಎಣ್ಣೆ ಗೊಂಬೆಯೊಳಗೆ ಇಳಿದರೆ ವಾಪಸ್ ತೆಗೆಯುವುದು ಕಷ್ಟ. ಅದಕ್ಕೆ ಎರಡು ಮುರುಕಲು ಗೊಂಬೆ ಕೊಂಡೆ. ಒಂದು 35 ಡಾಲರ್, ಇನ್ನೊಂದು 50ರ ಹತ್ತಿರ. ಮೊದಲ ಅಚ್ಚಿಗೆ ಬಳಸಿದ ಜೇಡಿಯಲ್ಲಿ ಗಂಧಕ ಇತ್ತು. ಪ್ಲಾಟಿನಂ ಸಿಲಿಕೋನ್‌ಗೆ (ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಸಿಲಿಕೋನ್) ಗಂಧಕ ಆಗಿಬರುವುದಿಲ್ಲ, ತಾಗಿದರೆ ಗಟ್ಟಿಯಾಗುವುದೇ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಜೇಡಿಯಲ್ಲಿ ಗಂಧಕ ಇದೆ ಅಂತ ಡಬ್ಬಿ ಮೇಲೆ ಬರೆದಿರಲಿಲ್ಲ. ಎರಡು ದಿನ ಬಿಟ್ಟು ತೆಗೆದರೆ ಹಲಸಿನ ಮೇಣದ ಹಾಗೆ ಬೆರಳಿಗೆ ಹತ್ತಿತು. ಜೇಡಿ ಬದಲಿಸಿದೆ, ಮತ್ತೆ ಅದೇ ಕಥೆ. ಈ ಸಲ ಕೆಟ್ಟದ್ದು ನನ್ನ ಲೇಟೆಕ್ಸ್ ಕೈಗವಸಿನಿಂದ. ಎರಡು ಕಿಟ್, ಸುಮಾರು 80 ಡಾಲರ್, ನೀರಿಗೆ ಹೋಯಿತು.

ಮೂರನೆಯದು ಸರಿಯಾಗಿ ಗಟ್ಟಿಯಾಯಿತು, ಆದರೆ 2 ಮಿಲಿಮೀಟರ್ ದಪ್ಪ. ಮೇಲೆ ಸುತ್ತಿದರೆ ಕೋಡುಬಳೆಯಷ್ಟು ಉಂಡೆ, ಅರ್ಧ ಮಾಡ್ಯೂಲ್ ಮುಚ್ಚಿಹೋಯಿತು. ಆಮೇಲೆ ಸುರಿಯುವುದನ್ನೇ ಬಿಟ್ಟೆ. ಬ್ರಶ್‌ನಲ್ಲಿ ಮೂರು ತೆಳು ಲೇಪ, ಒಂದು ಪೂರ್ತಿ ಗಟ್ಟಿಯಾಗುವ ಮೊದಲೇ ಇನ್ನೊಂದು. 0.8 ಮಿಲಿಮೀಟರ್ ಆಸುಪಾಸು ಬಂತು. ಮುರುಕಲು ಗೊಂಬೆಯ ಕೈಗೆ ಹಾಕಿ 150 ಸಲವಾದರೂ ಸುತ್ತಿ ಬಿಚ್ಚಿದ್ದೇನೆ. ಒಂದು ಬಿರುಕಿಲ್ಲ. ಇಷ್ಟು ತೆಳುವಾಗಿ ಇಷ್ಟು ಗಟ್ಟಿ ಬಂದದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ. ಒಳಮೈ ಜಾರುವ ಹಾಗೆ ಮಾಡಿದ್ದು ಹೇಗೆ, ಚರ್ಮದ ಬಣ್ಣಕ್ಕೆ ಏನು ಬೆರೆಸಿದೆ ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಟಾಲ್ಕಂ ಪೌಡರ್ ಅಲ್ಲ, ಅಷ್ಟು ಹೇಳಬಲ್ಲೆ.

ಮ್ಯೂಸಿಯಂ ಗೊಂಬೆಯ ಕೈಗೆ ಮೊದಲು ತೆಳು ಪಾಲಿಯೆಸ್ಟರ್ ಹಾಳೆ ಸುತ್ತಿ, ಅದರ ಮೇಲೆ ಚರ್ಮ ಏರಿಸಿದೆ. ಸಿಲಿಕೋನ್ ಅಸಲಿಗೆ ತಾಗುವುದಿಲ್ಲ. ಈಗ ಕಾಣುವ ಮಾಡ್ಯೂಲ್‌ಗಳೂ ಮುರುಕಲು ಗೊಂಬೆಯವೇ. ಅಸಲಿಯವು ಬೇರೆ ಡಬ್ಬಿಯಲ್ಲಿವೆ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಮುರುಕಲಿನ ವಿನೈಲ್ ತಲೆಯಿಂದ ಎರಡು ಚೂರು ಕತ್ತರಿಸಿ, ಒಂದನ್ನು ಪಾಲಿಥಿನ್ ಕವರ್‌ನಲ್ಲಿ, ಒಂದನ್ನು ಮುಚ್ಚಳ ಬಿಗಿದ ಗಾಜಿನ ಭರಣಿಯಲ್ಲಿ ಇಟ್ಟೆ. ಎಂಟು ತಿಂಗಳಿಗೆ ಕವರ್‌ನದು ಬಿರುಸಾಗಿತ್ತು. ವಿನೈಲನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕವನ್ನು ಪಾಲಿಥಿನ್ ಹೀರುತ್ತದೆ, ಗಾಜು ಹೀರುವುದಿಲ್ಲ. ಹಳೆಯ ಚರ್ಮವೂ ಈಗ ಭರಣಿಯಲ್ಲೇ ಇದೆ.

ಒಟ್ಟು ಖರ್ಚು 300 ಡಾಲರ್ ದಾಟಿತು, ನನ್ನ ಜೇಬಿನಿಂದಲೇ. ಕೊನೆಯ ದಿನ, ಆಗಲ್ಲ ಎಂದವರನ್ನೆಲ್ಲ ಕರೆದೆ. ಮುರುಕಲು ಗೊಂಬೆಗೆ ಅದೇ ಚರ್ಮದ ಜೋಡಿ ಹಾಕಿ, ಕೈಗೆ ಗೊಂಬೆಯ ಜೊತೆ ಬರುತ್ತಿದ್ದ ಆಟಿಕೆ ಪ್ಲಾಸ್ಟಿಕ್ ಎಂಜಿನ್ ಕೊಟ್ಟು, ಬೆನ್ನಿನ ಗುಂಡಿ ಒತ್ತಿದೆ. ಟಕಟಕ ಅಂತ ತೋಳು ಪೂರ್ತಿ ಮೇಲೆ ಹೋಯಿತು. ಚರ್ಮ ಒಂದಿಷ್ಟೂ ಜರುಗಲಿಲ್ಲ.