ಕಿಡ್ನಿ ಸೋತಾಗ ಮೆದುಳನ್ನು ಕಾಪಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನಿಗೆ ಕಿಡ್ನಿ ಕಾಯಿಲೆ ಇರುವುದು ಗೊತ್ತಿತ್ತು. ಒಂದು ದಿನ ಅಡಿಕೆ ಸುಲಿಯುತ್ತಾ ಕೂತವರಿಗೆ ಕಾಲಡಿಯ ಮೆಟ್ಟುಗತ್ತಿಯ ಹೆಸರೇ ಬಾಯಿಗೆ ಬರಲಿಲ್ಲ. ವಯಸ್ಸಾಯ್ತಲ್ಲ ಎಂದು ನಾವೂ ಸುಮ್ಮನಾದೆವು. ಆಗಲೇ ಡಾಕ್ಟರಿಗೆ ಹೇಳಬೇಕಿತ್ತು.

ಮೆದುಳು ನಮ್ಮ ತೂಕದಲ್ಲಿ ಶೇ 2ರಷ್ಟು ಮಾತ್ರ. ಆದರೆ ಹೃದಯ ತಳ್ಳುವ ರಕ್ತದಲ್ಲಿ ಶೇ 15ರಿಂದ 20 ಅದಕ್ಕೇ ಬೇಕು. ಕಿಡ್ನಿಯೂ ಹಾಗೇ, ಜಾಸ್ತಿ ರಕ್ತ ಬೇಡುವ ಅಂಗ. ಎರಡರ ಒಳಗೂ ಕೂದಲಿಗಿಂತ ತೆಳುವಾದ ನಾಳಗಳಿವೆ. ತೋಟದ ಹೊಸ ರಬ್ಬರ್ ಪೈಪು ಪಂಪಿನ ಹೊಡೆತಕ್ಕೆ ತಾನೇ ಹಿಗ್ಗುತ್ತದೆ, ಅಲ್ವಾ? ಬಿಸಿಲಿಗೆ ಒಣಗಿ ಗಟ್ಟಿಯಾದದ್ದು ಆ ಹೊಡೆತವನ್ನು ನೇರ ತುದಿಗೆ ದಾಟಿಸುತ್ತದೆ. ಕಿಡ್ನಿ ಕೆಟ್ಟಾಗ ಬಿಪಿ ಏರುತ್ತದೆ, ದೊಡ್ಡ ನಾಳಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಪೆಟ್ಟು ಬೀಳುವುದು ಮೆದುಳಿನ ಸಣ್ಣ ನಾಳಗಳಿಗೆ. ಅಲ್ಲಲ್ಲಿ ರಕ್ತ ಕಮ್ಮಿಯಾಗಿ ಮರೆವು, ನಿಧಾನ ನಡಿಗೆ ಶುರುವಾಗುತ್ತದೆ. ಲಕ್ವದ ಅಪಾಯವೂ ಜಾಸ್ತಿ.

ಮೊದಲು ಪರೀಕ್ಷೆ. ಬಿಪಿ, ಶುಗರ್ ಇದ್ದವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಜೊತೆಗೆ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನನ್ನೂ ನೋಡಿಸಿ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಅಂಕೆ ಇಜಿಎಫ್‌ಆರ್. ಅದು 3 ತಿಂಗಳಿಗೂ ಜಾಸ್ತಿ ಕಾಲ 60ರ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ.

ಆಮೇಲೆ ಮನೆಯಲ್ಲೇ ಬಿಪಿ ನೋಡಿ. ಐದು ನಿಮಿಷ ಬೆನ್ನು ಆನಿಸಿ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಅಳೆದು ಬರೆದಿಡಿ. ಎಷ್ಟಿರಬೇಕು ಎಂದು ಡಾಕ್ಟರನ್ನೇ ಕೇಳಿ.

ನಮ್ಮ ಮಲೆನಾಡಿನವರಿಗೆ ಕಷ್ಟವಾಗುವುದು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಚಿಕ್ಕಮ್ಮ ಅಪ್ಪೆಮಿಡಿ ತಿನ್ನುವುದು ಬಿಟ್ಟಿದ್ದರು, ಆದರೆ ಜಾಡಿಯ ರಸವನ್ನು ಮೊಸರನ್ನಕ್ಕೆ ಸುರಿದುಕೊಳ್ಳುತ್ತಿದ್ದರು. ಉಪ್ಪೆಲ್ಲ ಇರುವುದು ಅದರಲ್ಲೇ! ಹಪ್ಪಳ, ಸಂಡಿಗೆ, ಉಪ್ಪುನೀರಿನ ಹಲಸಿನ ತೊಳೆಯೂ ಲೆಕ್ಕಕ್ಕೆ ಸೇರುತ್ತದೆ. ಸೋಡಿಯಂ ಕಮ್ಮಿ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಕಾಯಿಲೆಯವರು ಅದನ್ನು ಕೇಳದೆ ಬಳಸಲೇಬಾರದು. ಮೈಕೈ ನೋವಿಗೆ ಅಂಗಡಿಯ ಮಾತ್ರೆಯೂ ಬೇಡ.

ಡಯಾಲಿಸಿಸ್ ನಡೆಯುವಾಗ ಮೆದುಳಿಗೆ ಹೋಗುವ ರಕ್ತ ಇಳಿಯುತ್ತದೆ. ತಲೆಸುತ್ತು, ಕಣ್ಣುಕತ್ತಲೆ ಬಂದರೆ ಕೂಡಲೇ ನರ್ಸಿಗೆ ಹೇಳಿ.

ಬಾಯಿ ವಾರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಇವು ಲಕ್ವದ ಲಕ್ಷಣ. ಶುರುವಾದಾಗಿನಿಂದ, ರಕ್ತದ ಹೆಪ್ಪು ಕರಗಿಸುವ ಔಷಧಿ ಕೊಡಲು ಇರುವುದು ನಾಲ್ಕೂವರೆ ಗಂಟೆ. ಆಗುಂಬೆ ಕಡೆಯಿಂದ ಶಿವಮೊಗ್ಗ ಮುಟ್ಟಲು ಮಳೆಗಾಲದಲ್ಲಿ ಅದರ ಅರ್ಧ ದಾರಿಯಲ್ಲೇ ಹೋಗುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ.